ತಾರಸಿಯಿಂದ ಕಾಣುವ ಊರಿಗೆ ವಿಮಾನದಲ್ಲಿ

ಕಸಿಮಿರೊ ಬರ್ರಾಸಾ ತನ್ನ ಮನೆಯ ತಾರಸಿಯ ಮೇಲೆ ನಿಂತು ಜೋರಾಗಿ ಸೀನಿದರೆ ಪರದೇಶದಲ್ಲಿ ಯಾರಾದರೂ ‘ನೂರು ವರ್ಷ ಬಾಳಪ್ಪ’ ಎಂದು ಹರಸಬೇಕು, ಅಷ್ಟು ಹತ್ತಿರ. ಅವನ ಮನೆ ಇರುವುದು ಮೆಕ್ಸಿಕೊದ ಹ್ವಾರೆಸ್‌ನಲ್ಲಿ. ಮೂರು ಓಣಿ ದಾಟಿದರೆ ನದಿ. ನದಿ ಎನ್ನುವುದು ಮರ್ಯಾದೆಯ ಮಾತು. ಸಿಮೆಂಟಿನ ಗಟಾರದಲ್ಲಿ ಎರಡು ಬಿಂದಿಗೆ ನೀರು. ಆಚೆ ದಡದಲ್ಲಿ ಎಲ್ ಪಾಸೊ, ಅಂದರೆ ಅಮೆರಿಕ. ಆ ಎರಡು ಬಿಂದಿಗೆ ನೀರಿಗೆ ಹಾಕಿರುವ ಬೇಲಿ, ದೀಪ, ಕ್ಯಾಮೆರಾ, ಬಂದೂಕುಗಳನ್ನು ಕಂಡರೆ ಗಟಾರದಲ್ಲಿ ಹರಿಯುತ್ತಿರುವುದು ನೀರಲ್ಲ, ಕರಗಿಸಿದ ಚಿನ್ನ ಎಂದು ಯಾರಿಗಾದರೂ ಅನುಮಾನ ಬರಬೇಕು.

ಆಚೆಗೆ ಹೋಗಲು ಸೇತುವೆ ಇದೆ. ನಾಣ್ಯ ಹಾಕಿ, ತಿರುಗುಗಂಬ ತಳ್ಳಿ, ನಡೆದು, ಸಾಲಿನಲ್ಲಿ ನಿಂತು, ಕಾರ್ಡು ತೋರಿಸಿ, ‘ಎಲ್ಲಿಗೆ, ಯಾಕೆ’ ಎಂಬ ಪ್ರಶ್ನೆಗೆ ತಲೆ ತಗ್ಗಿಸಿ ಉತ್ತರ ಒಪ್ಪಿಸಿದರೆ ಆಯಿತು. ನಡಿಗೆ ಇಪ್ಪತ್ತು ನಿಮಿಷ. ಸಾಲು ಒಂದು ಗಂಟೆಯದೋ ನಾಲ್ಕು ಗಂಟೆಯದೋ ಎಂಬುದು ಆವತ್ತು ಸಾಹೇಬರಿಗೆ ತಿಂದದ್ದು ಅರಗಿದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿರುತ್ತದೆ. ಕಸಿಮಿರೊ ಮತ್ತು ಅವನ ಹೆಂಡತಿ ಚೆಲಾ ಇಪ್ಪತ್ತು ವರ್ಷದಿಂದ ಈ ತಪಸ್ಸು ಮಾಡುತ್ತಲೇ ಇದ್ದರು. ಯಾಕೆಂದರೆ ಚೆಲಾಳ ಅಣ್ಣ ಎವೆರಾರ್ದೊ ಆಚೆ ದಡದಲ್ಲಿದ್ದ.

ಎವೆರಾರ್ದೊ ಹುಟ್ಟಿದ್ದೂ ಇದೇ ಓಣಿಯಲ್ಲೇ. ಇಪ್ಪತ್ತೆಂಟು ವರ್ಷದ ಹಿಂದೆ ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿಕೊಂಡು ಆ ನದಿ ದಾಟಿದ್ದ. ದಾಟಿದ ಮೇಲೆ ಪ್ಯಾಂಟು ಇಳಿಸಿದ, ಮೂಗು ಏರಿಸಿದ. ಈಗ ಅವನಿಗೆ ಮಂಚ-ಹಾಸಿಗೆಯ ಅಂಗಡಿ, ಎರಡು ಕಾರು ನಿಲ್ಲುವ ಮನೆ, ಅಮೆರಿಕದ ಪೌರತ್ವ, ಹಾಗೂ ಹದಿನೈದು ತುಂಬುತ್ತಿರುವ ಮಗಳು ಯಾರೆಲಿ.

ಹೆಣ್ಣಿಗೆ ಹದಿನೈದು ತುಂಬುವುದೆಂದರೆ ಇವರಲ್ಲಿ ಅರ್ಧ ಮದುವೆ. ಬೆಳಗ್ಗೆ ಚರ್ಚಿನಲ್ಲಿ ಪೂಜೆ, ಸಂಜೆ ಕುಣಿತ. ಬಂಧುಗಳಲ್ಲಿ ಒಬ್ಬೊಬ್ಬ ಹಿರಿಯ ಒಂದೊಂದು ವಸ್ತುವಿಗೆ ಹೊಣೆ ಹೊರಬೇಕು; ಹೊತ್ತವನಿಗೆ ಪದ್ರಿನೊ ಎಂಬ ಬಿರುದು. ಕೇಕಿಗೊಬ್ಬ, ಕಿರೀಟಕ್ಕೊಬ್ಬ, ಷೂಗೊಬ್ಬ. ಅದರಲ್ಲೂ ಷೂ ದೊಡ್ಡ ಗಳಿಗೆ. ಹುಡುಗಿ ಚಪ್ಪಟೆ ಚಪ್ಪಲಿಯಲ್ಲಿ ಬಂದು ಕೂರುತ್ತಾಳೆ. ಪದ್ರಿನೊ ದಿಂಬಿನ ಮೇಲೆ ಎತ್ತರದ ಹಿಮ್ಮಡಿಯ ಷೂ ಇಟ್ಟು ತರುತ್ತಾನೆ. ಅಪ್ಪ ಮೊಣಕಾಲೂರಿ ಅದನ್ನು ತೊಡಿಸುತ್ತಾನೆ. ಆಮೇಲೆಯೇ ಅವಳು ಎದ್ದು ಕುಣಿಯುವುದು. ಷೂ ಬರದಿದ್ದರೆ ಕುಣಿತವಿಲ್ಲ. ಯಾರೆಲಿ ಹಟ ಹಿಡಿದು ಆ ಹೊಣೆಯನ್ನು ಕಸಿಮಿರೊ ಮಾವನಿಗೇ ಕೊಡಿಸಿದ್ದಳು. ಫ್ರಿಜ್ ರಿಪೇರಿ ಮಾಡಿಕೊಂಡಿದ್ದ ಕಸಿಮಿರೊನ ಐವತ್ತೆರಡು ವರ್ಷದ ಬಾಳಿನಲ್ಲಿ ಯಾರಾದರೂ ಹಟ ಹಿಡಿದು ಅವನನ್ನು ಕರೆದದ್ದು ಅದೇ ಮೊದಲು.

ಹತ್ತು ದಿನ ಮೊದಲು ಎವೆರಾರ್ದೊನ ಫೋನು ಬಂತು.

“ಭಾವ, ಪಾರ್ಟಿ ಏಳು ಗಂಟೆಗೆ. ಬೆಳಗ್ಗೇನೇ ಹೊರಟುಬಿಡಿ. ಕ್ರಿಸ್‌ಮಸ್‌ನಲ್ಲಿ ನೀವು ಸೇತುವೆ ಜನ ಬರೋ ಹೊತ್ತಿಗೆ ತಟ್ಟೆ ತೊಳೆದಿಟ್ಟಾಗಿತ್ತು.”

“ಸಾಲು ಉದ್ದ ಇತ್ತಪ್ಪ.”

“ಇರ್ಲಿ ಇರ್ಲಿ. ಕೂರೋ ವ್ಯವಸ್ಥೆ ಹೇಳಿಬಿಡ್ತೀನಿ, ಆಮೇಲೆ ಬೇಜಾರಾಗಬಾರದು. ದೂರದಿಂದ ವಿಮಾನದಲ್ಲಿ ಬರೋರಿಗೆ ಮುಂದಿನ ಮೇಜು. ಅವರನ್ನ ಏರ್‌ಪೋರ್ಟಿಂದ ಮರಿಯಾಚಿ ವಾದ್ಯದಲ್ಲಿ ಕರ್ಕೊಂಡು ಬರ್ತೀವಿ. ಸೇತುವೆ ಕಡೆಯೋರಿಗೆ ಅಡುಗೆಮನೆ ಪಕ್ಕ ಹಾಕಿದೀನಿ. ನಿಮಗೇ ಒಳ್ಳೇದು, ಬಿಸಿಬಿಸಿ ಸಿಗುತ್ತೆ.”

ಪಕ್ಕದಲ್ಲೇ ಕಿವಿಗೊಟ್ಟಿದ್ದ ಚೆಲಾ, “ಚಪ್ಪಲಿ ತರೋನಿಗೆ ಚಪ್ಪಲಿ ಬಿಡೋ ಜಾಗ,” ಅಂದಳು.

ಕಸಿಮಿರೊನ ಬಾಯಿ ಜಾರಿದ್ದು ಆಗಲೇ. “ನಾನೂ ವಿಮಾನದಲ್ಲೇ ಬರ್ತೀನಿ,” ಎಂದುಬಿಟ್ಟ.

ಬಡವನ ಬಾಯಿಂದ ಜಾರಿದ ಮಾತನ್ನು ಜಗತ್ತು ಮರೆಯುವುದಿಲ್ಲ. ಶ್ರೀಮಂತ ದಿನಕ್ಕೆ ಹತ್ತು ಮಾತು ಜಾರಿಸಿ ಸಂಜೆಗೆ ಒರೆಸಿಕೊಳ್ಳುತ್ತಾನೆ; ಬಡವ ಒಂದು ಜಾರಿಸಿದರೆ ಅದನ್ನು ನಿಜ ಮಾಡಿ ತೋರಿಸುವ ಶಿಕ್ಷೆ ಅವನಿಗೆ. ಕಸಿಮಿರೊ ಮರುದಿನ ತಲೆ ಬಾಚಿಕೊಂಡು ಟಿಕೆಟ್ ಮಾಡುವ ಅಂಗಡಿಗೆ ಹೋದ.

“ಹ್ವಾರೆಸಿಂದ ಎಲ್ ಪಾಸೊಗೆ ಒಂದು ವಿಮಾನದ ಟಿಕೆಟ್ ಕೊಡಮ್ಮ.”

ಹುಡುಗಿ ಕಿಟಕಿಯ ಹೊರಗೆ ನೋಡಿದಳು. ಅಲ್ಲಿಂದಲೂ ಎಲ್ ಪಾಸೊ ಕಾಣುತ್ತಿತ್ತು.

“ಸರ್, ಅದು ಅಲ್ಲೇ ಇದೆ.”

“ಗೊತ್ತಮ್ಮ. ನನಗೆ ವಿಮಾನ ಬೇಕು.”

“ಕಾಲಿಗೇನಾದ್ರೂ ತೊಂದರೆಯಾ ಸರ್?”

“ಕಾಲು ಚೆನ್ನಾಗಿದೆ. ಮರ್ಯಾದೆಗೆ ತೊಂದರೆ.”

ಹುಡುಗಿ ಕಂಪ್ಯೂಟರಿನಲ್ಲಿ ಕುಟ್ಟಿದಳು. ಕಂಪ್ಯೂಟರು ಬಹಳ ಹೊತ್ತು ಯೋಚಿಸಿತು. ಅದಕ್ಕೂ ಇಂಥ ಪ್ರಶ್ನೆ ಹೊಸದು. ಕೊನೆಗೆ ಉತ್ತರ ಕೊಟ್ಟಿತು. ಹ್ವಾರೆಸ್‌ನಿಂದ ದಕ್ಷಿಣಕ್ಕೆ ಮೆಕ್ಸಿಕೊ ನಗರ. ಅಲ್ಲಿಂದ ತಿರುಗಿ ಉತ್ತರಕ್ಕೆ ಡಾಲಸ್. ಅಲ್ಲಿಂದ ಪಶ್ಚಿಮಕ್ಕೆ ಎಲ್ ಪಾಸೊ. ದೂರ ಸುಮಾರು ಮೂರು ಸಾವಿರದ ಒಂಬೈನೂರ ಐವತ್ತು ಕಿಲೊಮೀಟರ್. ಬೆಳಗ್ಗೆ ಆರಕ್ಕೆ ಹತ್ತಿದರೆ ಸಂಜೆ ಐದೂ ಮುಕ್ಕಾಲಿಗೆ ಇಳಿಯಬಹುದು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದವರೂ ಇದನ್ನು ಕೇಳಿದ್ದರೆ ತಮ್ಮದು ಒಳದಾರಿ ಎಂದು ಸಮಾಧಾನ ಪಡುತ್ತಿದ್ದರು.

“ಹನ್ನೊಂದು ಗಂಟೆ ನಲವತ್ತೈದು ನಿಮಿಷ ಆಗುತ್ತೆ ಸರ್,” ಎಂದಳು ಹುಡುಗಿ, ಈಗಲಾದರೂ ಇವನು ಎದ್ದು ಹೋಗಲಿ ಎಂಬ ಆಸೆಯಿಂದ.

ಕಸಿಮಿರೊನ ಎದೆ ಉಬ್ಬಿತು. “ಇದಕ್ಕಿಂತ ದೂರದ್ದು ಇದೆಯಾ?”

ಟಿಕೆಟಿಗಾಗಿ ಅವನು ಅಂಗಡಿಯ ದೊಡ್ಡ ಫ್ರೀಜರನ್ನು ಮಾರಿದ. ಎವೆರಾರ್ದೊನಿಗೆ ಫೋನು ಮಾಡಿ, ಈಗಷ್ಟೇ ಯಾವುದೋ ಮೀಟಿಂಗಿನಿಂದ ಎದ್ದು ಬಂದವನ ದನಿಯಲ್ಲಿ, “ಡಾಲಸಿಂದ ಬರೋ ವಿಮಾನ. ಐದೂ ಮುಕ್ಕಾಲಿಗೆ,” ಎಂದ.

“ಡಾಲಸ್‌ನಲ್ಲಿ ನಿಮಗೇನು ಕೆಲಸ ಭಾವ?”

“ಅದೇ, ಶೈತ್ಯದ ವ್ಯವಹಾರ.”

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಫ್ರಿಜ್ಜಿಗೆ ಗ್ಯಾಸು ತುಂಬುವುದೂ ಶೈತ್ಯದ ವ್ಯವಹಾರವೇ. ಆದರೆ ಎವೆರಾರ್ದೊನ ಕಿವಿಯೊಳಗೆ ಹೋದ ಮಾತು ಹೊರಗೆ ಬರುವಾಗ ಕೋಟು ಹಾಕಿಕೊಂಡಿತ್ತು. ಆ ಸಂಜೆಯೇ ಅವನು ಮುಂದಿನ ಮೇಜಿನ ಎಲ್ಲ ಅತಿಥಿಗಳಿಗೂ ಹೇಳಿದ: ನನ್ನ ಭಾವ ಡಾಲಸ್‌ನಲ್ಲಿ ಉದ್ಯಮಿ, ದೊಡ್ಡ ದೊಡ್ಡ ಶೀತಲ ಗೋದಾಮುಗಳ ಒಡೆಯ, ಮಗಳ ಷೂಗಾಗಿಯೇ ಹಾರಿ ಬರುತ್ತಿದ್ದಾನೆ.

ಇತ್ತ ಕಸಿಮಿರೊ ದೂರ ಮತ್ತು ಸಮಯ ಬರೆದಿದ್ದ ಕಾಗದವನ್ನು ಅಂಗಡಿಯ ಬಾಗಿಲಿಗೆ ಅಂಟಿಸಿದ. ಓಣಿಯೆಲ್ಲ ಬಂದು ಓದಿತು. ಬುರಿತೊ ಎಂಬ ಮಾಂಸದ ಸುರುಳಿ ರೊಟ್ಟಿ ಮಾರುವ ದೊನ್ಯಾ ಮೆಚೆ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದಳು.

“ಹನ್ನೊಂದೂ ಮುಕ್ಕಾಲು ಗಂಟೆ! ಅಷ್ಟರಲ್ಲಿ ಯುರೋಪೇ ಬಂದುಬಿಡುತ್ತಲ್ಲೋ. ಯಾವ ದೇಶಕ್ಕಪ್ಪ?”

“ಆಚೆಗೆ,” ಎಂದ ಕಸಿಮಿರೊ, ಕೈಯನ್ನು ಗೊತ್ತುಗುರಿಯಿಲ್ಲದೆ ಬೀಸಿ.

“ಅದಿರಲಿ, ನಾನು ಮಾಂಸ ಇಡ್ತಿದ್ದ ಫ್ರೀಜರ್ ಎಲ್ಲಿ?”

“ಅದು ವಿಮಾನ ಆಯ್ತು ದೊನ್ಯಾ ಮೆಚೆ.”

“ಹೂಂ. ಹಾರೋವಾಗ ಒಳಗೆ ನನ್ನ ಎಂಟು ಕಿಲೊ ಹಂದಿಮಾಂಸ ಇದೆ ಅಂತ ನೆನಪಿರಲಿ.”

ಪಾದ್ರಿ ಬಂದು ಪ್ರಯಾಣದ ಪ್ರಾರ್ಥನೆ ಹೇಳಿ ತೀರ್ಥ ಚಿಮುಕಿಸಿದ. ಕ್ಷೌರಿಕ ಬಿಟ್ಟಿಯಾಗಿ ಮೀಸೆ ಸರಿಮಾಡಿದ. ಮೂರನೇ ಮನೆಯ ಮುದುಕಿ, ಸ್ಪೇನಿನಲ್ಲಿರುವ ತನ್ನ ತಂಗಿಗೆ ಎಂದು ಒಣಮೆಣಸಿನಕಾಯಿಯ ಪೊಟ್ಟಣ ತಂದುಕೊಟ್ಟು ಅತ್ತಳು. ‘ಅಮ್ಮಾ, ನಾನು ಸ್ಪೇನಿಗೆ ಹೋಗ್ತಿಲ್ಲ’ ಎಂದು ಹೇಳುವ ಧೈರ್ಯ ಕಸಿಮಿರೊನಿಗೆ ಬರಲಿಲ್ಲ. ಹೇಳಿದರೆ ಎಲ್ಲಿಗೆ ಎಂದೂ ಹೇಳಬೇಕಲ್ಲ. ಮೆಣಸಿನಕಾಯಿ ಇಸಕೊಂಡ.

ಹೊರಡುವ ಬೆಳಗ್ಗೆ ಚೆಲಾ ಸೊಗಸಾದ ಬಟ್ಟೆ ತೊಟ್ಟು, ಕಾರ್ಡನ್ನು ರವಿಕೆಯೊಳಗೆ ಸಿಕ್ಕಿಸಿ ಸೇತುವೆಗೆ ಹೊರಟು ನಿಂತಿದ್ದಳು.

“ಏ ಮುದುಕಾ, ಷೂ ನನ್ನ ಕೈಲಿ ಕೊಡು. ಇಬ್ಬರಲ್ಲಿ ಒಬ್ಬರಾದ್ರೂ ಇವತ್ತು ಎಲ್ ಪಾಸೊ ತಲುಪಬೇಕು.”

“ಪದ್ರಿನೊ ತನ್ನ ಕೈಯಾರೆ ತರಬೇಕು ಮುದುಕೀ. ಅದೇ ಪದ್ಧತಿ.”

“ಪದ್ಧತೀಲಿ ಮೆಕ್ಸಿಕೊ ನಗರ ಸುತ್ತಿ ಬಾ ಅಂತ ಬರೆದಿಲ್ಲ,” ಎಂದು ಅವಳು ನಡೆದೇ ಹೋದಳು. ಹನ್ನೊಂದರ ಪೂಜೆಗೆ ಹುಡುಗಿಯ ಜನನಪತ್ರ ಬೇಕೆಂದು ಎಲ್ ಪಾಸೊದ ಪಾದ್ರಿ ಕೇಳಿದ್ದರು. ಅಣ್ಣ ಇಂಥ ಕಾಗದಗಳನ್ನೆಲ್ಲ ಕಳೆಯುತ್ತಾನೆಂದು ತಂಗಿಗೆ ಗೊತ್ತು, ಹಾಗಾಗಿ ಆ ಪತ್ರವೂ ಅವಳ ಚೀಲದಲ್ಲೇ ಇತ್ತು.

ವಿಮಾನ ಏರಿತು. ಏರಿ, ರೆಕ್ಕೆ ವಾಲಿಸಿ, ಉತ್ತರಕ್ಕೊಮ್ಮೆ ಬಳಸಿತು. ಕಿಟಕಿಯ ಕೆಳಗೆ ನದಿ, ಸೇತುವೆ, ಆಚೆ ದಡದಲ್ಲಿ ಪಾರ್ಟಿ ನಡೆಯುವ ಸಭಾಂಗಣದ ಹಸಿರು ಗುಮ್ಮಟ, ಸಾಲಿನಲ್ಲಿ ನಿಂತ ಜನ. ಅವರಲ್ಲಿ ಒಂದು ಚುಕ್ಕೆ ಚೆಲಾ. ಹೊರಟ ಎರಡನೇ ನಿಮಿಷಕ್ಕೆ ತಲುಪಬೇಕಾದ ಊರು ಕಾಲಡಿಗೇ ಬಂದಿತ್ತು. ಕಸಿಮಿರೊ ಎದ್ದು ನಿಲ್ಲುವುದರೊಳಗೆ ವಿಮಾನ ಅದಕ್ಕೆ ಬೆನ್ನು ಹಾಕಿ ದಕ್ಷಿಣಕ್ಕೆ ಹೊರಟಿತು.

ಮಧ್ಯಾಹ್ನ ಎರಡೂಕಾಲಿಗೆ ಡಾಲಸ್‌ನಲ್ಲಿ ಪಾಸ್‌ಪೋರ್ಟ್ ನೋಡುವವನ ಎದೆಯ ಮೇಲೆ ‘ಓರ್ನೆಲಾಸ್’ ಎಂಬ ಹೆಸರಿತ್ತು. ಕಸಿಮಿರೊನ ಓಣಿಯಲ್ಲೇ ಮೂರು ಓರ್ನೆಲಾಸ್ ಮನೆಗಳಿವೆ. ನಮ್ಮವನೇ ಎಂದು ಅವನಿಗೆ ಧೈರ್ಯ ಬಂತು. ಬರಬಾರದಿತ್ತು. ಅಜ್ಜ ನುಸುಳಿ ಬಂದ ಬಾಗಿಲನ್ನು ಮೊಮ್ಮಗನಷ್ಟು ಬಿಗಿಯಾಗಿ ಬೇರೆ ಯಾರೂ ಮುಚ್ಚುವುದಿಲ್ಲ.

“ಎಲ್ಲಿಗೆ?”

“ಎಲ್ ಪಾಸೊಗೆ ಸ್ವಾಮಿ.”

“ಎಲ್ಲಿಂದ?”

“ಹ್ವಾರೆಸಿಂದ.”

ಓರ್ನೆಲಾಸ್ ಪೆನ್ನು ಕೆಳಗಿಟ್ಟ. “ಇನ್ನೊಂದ್ಸಲ ಹೇಳು.”

ಕಸಿಮಿರೊ ಇನ್ನೊಂದು ಸಲ ಹೇಳಿದ. ನಿಜವನ್ನು ಎರಡು ಸಲ ಹೇಳಿದರೆ ಅದು ಸುಳ್ಳಿನಂತೆಯೇ ಕೇಳುತ್ತದೆ. ಅವನನ್ನು ಒಂದು ಬಿಳಿ ಕೋಣೆಗೆ ಒಯ್ದರು. ಅಲ್ಲಿ ಓರ್ನೆಲಾಸ್‌ನ ಮೇಲಿನವಳೊಬ್ಬಳು ಗೋಡೆಯ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಳು: ಕೆಳಗೆ, ಮೇಲೆ, ಎಡಕ್ಕೆ. ಗೆರೆಯ ಎರಡು ತುದಿಗಳೂ ಒಂದೇ ಚುಕ್ಕೆಯ ಮೇಲೆ ಬಂದು ಕೂತವು.

“ಇಪ್ಪತ್ತು ನಿಮಿಷ ನಡೆದ್ರೆ ಸಿಗೋ ಊರಿಗೆ ಇಷ್ಟು ದೂರ ಹಾರಿ ಬಂದಿದೀಯ,” ಎಂದಳು ಮೇಲಿನವಳು. “ಯಾಕೆ?”

“ಮುಂದಿನ ಮೇಜಿಗೆ ಅಮ್ಮಾವರೇ.”

“ಯಾರ ಮೇಜು? ಏನು ಸಂಕೇತ ಇದು?”

“ನಡೆದು ಬಂದೋರನ್ನ ಅಡುಗೆಮನೆ ಪಕ್ಕ ಕೂರಿಸ್ತಾರೆ.”

“ಯಾವ ಗುಂಪಿನೋರು?”

“ನನ್ನ ಭಾವನ ಮನೆಯೋರು.”

ಅವಳು ಎಲ್ಲವನ್ನೂ ಬರೆದುಕೊಂಡಳು. ಪೆಟ್ಟಿಗೆ ತೆರೆಸಿದಳು. ಬೆಳ್ಳಿ ಬಣ್ಣದ ಎರಡು ಷೂ, ಬಿಳಿ ದಿಂಬು, ಒಂದು ಪೊಟ್ಟಣ ಒಣಮೆಣಸಿನಕಾಯಿ.

“ಈ ಮೆಣಸಿನಕಾಯಿ ಯಾರಿಗೆ?”

“ಸ್ಪೇನಿನಲ್ಲಿರೋ ಒಬ್ಬ ಅಜ್ಜಿಗೆ,” ಎಂದ ಕಸಿಮಿರೊ. ಹೇಳಿದ ಮೇಲೆ, ಹೇಳಬಾರದಿತ್ತು ಎಂದು ಅವನಿಗೂ ಅನ್ನಿಸಿತು.

ನಾಯಿ ತರಿಸಿದರು. ನಾಯಿ ಮೆಣಸಿನಕಾಯಿ ಮೂಸಿ, ಏಳು ಸಲ ಸೀನಿ, ರಜೆಯ ಮೇಲೆ ಹೋಯಿತು. ಅದರಿಂದ ಅನುಮಾನ ಇನ್ನೂ ಗಟ್ಟಿಯಾಗಿ, ಬೈರಿಗೆ ತಂದು ಬಲಗಾಲಿನ ಷೂವಿನ ಹಿಮ್ಮಡಿಗೆ ತೂತು ಕೊರೆದರು. ಉದುರಿದ ಪುಡಿಯನ್ನು ಗಾಜಿನ ಕೊಳವೆಗೆ ತುಂಬಿ ಪರೀಕ್ಷೆಗೆ ಕಳಿಸಿದರು. ಅಮೆರಿಕದ ವಿಜ್ಞಾನ ನಲವತ್ತು ನಿಮಿಷ ದುಡಿದು ವರದಿ ಕೊಟ್ಟಿತು: ಮರ.

“ಈ ಭಾವ ಅನ್ನೋನ ನಂಬರ್ ಕೊಡು,” ಎಂದ ಓರ್ನೆಲಾಸ್. ಕಸಿಮಿರೊ ಸಂತೋಷದಿಂದ ಕೊಟ್ಟ. ಎವೆರಾರ್ದೊ ಒಂದು ಮಾತು ಹೇಳಿದರೆ ಸಾಕು, ಐದರ ವಿಮಾನ ಸಿಗುತ್ತದೆ. ಓರ್ನೆಲಾಸ್ ಫೋನಿನ ದನಿಯನ್ನು ಕೋಣೆಗೆಲ್ಲ ಕೇಳುವಂತೆ ದೊಡ್ಡದು ಮಾಡಿದ.

“ಗಡಿ ಅಧಿಕಾರಿ ಮಾತಾಡ್ತಿರೋದು. ಹ್ವಾರೆಸ್‌ನ ಫ್ರಿಜ್ ರಿಪೇರಿಯೋನು, ಕಸಿಮಿರೊ ಬರ್ರಾಸಾ ಅಂತ, ನಿಮ್ಮ ಬಂಧುವಾ?”

ಆ ಕಡೆ, ಪೂಜೆ ಮುಗಿಸಿ ಮಧ್ಯಾಹ್ನವೇ ಸಭಾಂಗಣದಲ್ಲಿ ಸೇರಿದ್ದವರ ಗ್ಲಾಸುಗಳ ಸದ್ದು, ನಗು, ಮುಂದಿನ ಮೇಜಿನ ಗದ್ದಲ. ಆಮೇಲೆ ಬಾಗಿಲು ದೂಡಿದ ಸದ್ದು. ಗದ್ದಲ ಸಣ್ಣದಾಗಿ ಪಾತ್ರೆಗಳ ಸದ್ದು ಬಂತು. ಎವೆರಾರ್ದೊ ಫೋನು ಹಿಡಿದು ಅಡುಗೆಮನೆಗೆ ಸರಿದಿದ್ದ.

“ನನ್ನ ಭಾವ ಡಾಲಸ್‌ನ ಉದ್ಯಮಿ ಸರ್,” ಎಂದಿತು ದನಿ. “ಹ್ವಾರೆಸ್‌ನಲ್ಲಿ ನನಗೆ ಯಾರೂ ಇಲ್ಲ. ಆ ಹೆಸರಿನೋರು ಯಾರೂ ಗೊತ್ತಿಲ್ಲ.”

ಕಸಿಮಿರೊ ದಿಂಬಿನ ಕಡೆ ನೋಡುತ್ತ ಕೂತ. ಷೂವಿನಿಂದ ಇನ್ನೂ ಒಂದಿಷ್ಟು ಪುಡಿ ಉದುರುತ್ತಿತ್ತು.

ಅವನ ಮುಂದೆ ಒಂದು ಕಾಗದ ಇಟ್ಟರು. ‘ಈ ದೇಶವನ್ನು ಪ್ರವೇಶಿಸುವ ಕೋರಿಕೆಯನ್ನು ನಾನು ಸ್ವಇಚ್ಛೆಯಿಂದ ಹಿಂದಕ್ಕೆ ಪಡೆದಿದ್ದೇನೆ’ ಎಂದಿತ್ತು. ಸ್ವಇಚ್ಛೆಯನ್ನು ಅವರೇ ಮೊದಲೇ ಅಚ್ಚು ಹಾಕಿಸಿಟ್ಟಿದ್ದರು. ಕೆಳಗೆ ಸಹಿ ಮಾಡುವುದಷ್ಟೇ ಇವನ ಪಾಲಿನದು. ಮಾಡಿದ.

“ಈಗ ಇವನನ್ನ ವಾಪಸ್ ಎಲ್ಲಿಗೆ ಕಳಿಸೋದು?” ಎಂದಳು ಮೇಲಿನವಳು.

“ಹ್ವಾರೆಸ್‌ಗೆ,” ಎಂದ ಓರ್ನೆಲಾಸ್.

“ಅತಿ ಹತ್ತಿರದ ದಾರಿ?”

ಓರ್ನೆಲಾಸ್ ಕಂಪ್ಯೂಟರ್ ನೋಡಿದ. “ಎಲ್ ಪಾಸೊ ಸೇತುವೆ. ನಡೆದು ದಾಟಿಸಿಬಿಡಬಹುದು.”

“ಎಲ್ ಪಾಸೊಗೆ ಮುಂದಿನ ವಿಮಾನ?”

“ಐದಕ್ಕೆ. ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ, ಐದೂ ಮುಕ್ಕಾಲಿಗೆ ಇಳಿಯುತ್ತೆ. ತುಂಬಿದೆ. ಒಬ್ಬರು ಮಾತ್ರ ಇನ್ನೂ ಹತ್ತಿಲ್ಲ, ಹದಿನಾಲ್ಕನೇ ಸಾಲಿನ ಕಿಟಕಿ ಸೀಟು.” ಓರ್ನೆಲಾಸ್ ಪರದೆಗೆ ಮೂಗು ಹಚ್ಚಿ ಓದಿದ. “ಬರ್ರಾಸಾ, ಕಸಿಮಿರೊ.”

ಹೀಗೆ, ಎಲ್ ಪಾಸೊಗೆ ಹೋಗಕೂಡದೆಂದು ಅಪ್ಪಣೆಯಾದ ಮನುಷ್ಯನನ್ನು ಸರ್ಕಾರವೇ ಅವನದೇ ಟಿಕೆಟಿನಲ್ಲಿ, ಅವನದೇ ಸೀಟಿನಲ್ಲಿ, ಹೇಳಿದ ಹೊತ್ತಿಗೆ ಎಲ್ ಪಾಸೊಗೆ ಕಳಿಸಿಕೊಟ್ಟಿತು. ಕಾವಲಿಗೆ ಪಕ್ಕದ ಸೀಟಿನವನನ್ನು ಇಳಿಸಿ ಓರ್ನೆಲಾಸ್ ಕೂತ. ಮೊಣಕಾಲು ಮುಂದಿನ ಸೀಟಿಗೆ ಒತ್ತುತ್ತಿತ್ತು.

“ಸ್ವಾಮಿ, ಈಗ ನಾನು ಅಮೆರಿಕದ ಒಳಗಿದೀನಿ ಅಲ್ವಾ?”

“ಇಲ್ಲ. ಕಾನೂನಿನ ಲೆಕ್ಕದಲ್ಲಿ ನೀನು ಬಂದೇ ಇಲ್ಲ.”

“ಹಾಗಾದ್ರೆ ಈ ಸೀಟಲ್ಲಿ ಯಾರಿದಾರೆ?”

“ಯಾರೂ ಇಲ್ಲ.”

“ಕಡಲೆಬೀಜ ಕೊಟ್ರಲ್ಲ?”

“ಸುಮ್ನೆ ತಿನ್ನು.”

ಇಳಿಯುವಾಗ ಮತ್ತೆ ಅದೇ ನದಿ, ಅದೇ ಸೇತುವೆ. ಕಸಿಮಿರೊನಿಗೆ ತನ್ನ ತಾರಸಿ ಕಂಡಿತು. ನೀರಿನ ತೊಟ್ಟಿ, ಹಗ್ಗದ ಮೇಲೆ ತನ್ನದೇ ಎರಡು ಅಂಗಿ. ಬೆಳಗ್ಗಿಂದ ಇಷ್ಟು ಹಾರಿ ಬಂದರೂ ಅಂಗಿ ಒಣಗುವಷ್ಟೇ ಹೊತ್ತಾಗಿತ್ತು.

ಎಲ್ ಪಾಸೊ ಏರ್‌ಪೋರ್ಟಿನ ಬಾಗಿಲು ತೆರೆದದ್ದೇ ತಡ, ತುತ್ತೂರಿ ಕಿವಿ ಸೀಳಿತು. ಬೆಳ್ಳಿ ಗುಂಡಿಯ ಕಪ್ಪು ಕೋಟು, ಅಗಲ ಟೋಪಿಯ ಏಳು ಜನ ಮರಿಯಾಚಿಗಳು. ಅವರ ಮುಂದೆ ‘ಡಾಲಸ್‌ನ ಉದ್ಯಮಿ ದೋನ್ ಕಸಿಮಿರೊ ಬರ್ರಾಸಾ ಅವರಿಗೆ ಸ್ವಾಗತ’ ಎಂಬ ಹಲಗೆ. ಭಾವನನ್ನು ಅಲ್ಲಗಳೆದ ಎವೆರಾರ್ದೊ ವಾದ್ಯದವರನ್ನು ವಾಪಸ್ ಕರೆಸುವುದನ್ನು ಮರೆತಿದ್ದ.

ಓರ್ನೆಲಾಸ್‌ನ ಕೈ ಕಸಿಮಿರೊನ ತೋಳಿನಿಂದ ತಾನಾಗಿ ಸಡಿಲವಾಯಿತು. ಅವನು ಹಲಗೆ ಓದಿದ. ಕಸಿಮಿರೊನ ಮುಖ ನೋಡಿದ. ಮತ್ತೆ ಹಲಗೆ ಓದಿದ.

“ನೀವು... ನಿಜವಾಗ್ಲೂ ಯಾರು?” ಎಂದ. ಮಧ್ಯಾಹ್ನದಿಂದ ‘ನೀನು’ ಆಗಿದ್ದವನು ತುತ್ತೂರಿಯ ಒಂದೇ ಊದಿಗೆ ‘ನೀವು’ ಆದ. ಈ ಜಗತ್ತಿನಲ್ಲಿ ಮನುಷ್ಯನ ಘನತೆ ಎಷ್ಟು ಅಗ್ಗ, ಎಷ್ಟು ದುಬಾರಿ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಕಚೇರಿಯಲ್ಲಿ ಕಾಗದಗಳಿಗೆ ಮುದ್ರೆ ಬೀಳುವಷ್ಟು ಹೊತ್ತೂ ಮರಿಯಾಚಿಗಳು ಬಾಗಿಲಲ್ಲಿ ನುಡಿಸುತ್ತಲೇ ಇದ್ದರು. ಸರ್ಕಾರಿ ಕಾರು ಸೇತುವೆಗೆ ಹೊರಟರೆ ಅವರ ವ್ಯಾನು ಹಿಂದೆಯೇ ಬಂತು.

“ನಮಗೆ ಎಂಟು ಗಂಟೆವರೆಗೆ ಹೇಳಿದಾರೆ ಸಾರ್,” ಎಂದ ತುತ್ತೂರಿಯವನು ಕಿಟಕಿಯಿಂದ ತಲೆ ಹಾಕಿ. “ಇವರು ಎಲ್ಲಿಗೆ ಹೋದ್ರೆ ಅಲ್ಲಿಗೆ. ಜೈಲಾದ್ರೆ ಜೈಲಿಗೆ.”

ಏಳೂಕಾಲಿಗೆ, ಬಿಸಿಲು ಇನ್ನೂ ಗುಮ್ಮಟದ ಮೇಲಿರುವಾಗ, ಕಸಿಮಿರೊನನ್ನು ಸೇತುವೆಯ ನಡುಮಧ್ಯಕ್ಕೆ ತಂದರು. ಅಲ್ಲಿ ಗೋಡೆಗೆ ಹಿತ್ತಾಳೆಯ ಫಲಕ. ಈಚೆ ಒಂದು ದೇಶ, ಆಚೆ ಇನ್ನೊಂದು. ಓರ್ನೆಲಾಸ್ ಷೂ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಕೊಟ್ಟು, ಸೆಲ್ಯೂಟ್ ಹೊಡೆಯಬೇಕೋ ಬೇಡವೋ ತಿಳಿಯದೆ ತಲೆ ಕೆರೆದುಕೊಂಡು ವಾಪಸಾದ.

ಕಸಿಮಿರೊ ತನ್ನ ದೇಶದ ಕಡೆಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ಕುಕ್ಕರಿಸಿದ. ಹಸಿರು ಗುಮ್ಮಟ ಕಾಣುತ್ತಿತ್ತು. ಅಲ್ಲಿ ಯಾರೆಲಿ ಚಪ್ಪಟೆ ಚಪ್ಪಲಿಯಲ್ಲಿ ಕೂತಿರುತ್ತಾಳೆ. ಷೂ ಇಲ್ಲಿದೆ, ಅದಕ್ಕೂ ತೂತು. ಕಾರುಗಳ ನಡುವೆ ಚೂಯಿಂಗ್ ಗಮ್ ಮಾರುತ್ತಿದ್ದ ಹೆಂಗಸು ಬಂದು ಪೆಟ್ಟಿಗೆಯೊಳಗೆ ಇಣುಕಿದಳು.

“ಇಷ್ಟು ಚೆಂದದ ಷೂಗೆ ಯಾವ ಇಲಿ ಕಡೀತು?”

“ಸರ್ಕಾರಿ ಇಲಿ ಕಣಮ್ಮ.”

ಅವಳು ಎರಡು ಗಮ್ ಬಿಡಿಸಿ ಅವನ ಕೈಗಿಟ್ಟಳು. “ಅಗಿ. ಅಗಿದು ತುಂಬು. ನನ್ನ ಮನೆ ಸೂರಿಗೂ ಇದೇ ಹಾಕಿರೋದು.”

ಅವನು ಅಗಿಯುತ್ತಿರುವಾಗಲೇ ಅಮೆರಿಕದ ತುದಿಯ ತಿರುಗುಗಂಬದ ಹತ್ತಿರ ಗಲಾಟೆ ಎದ್ದಿತು. ಆಕಾಶ ಬಣ್ಣದ ಒಂದು ದೊಡ್ಡ ಗೋಪುರ ತಿರುಗುಗಂಬಕ್ಕೆ ಸಿಕ್ಕಿಕೊಂಡಿತ್ತು. ಅದು ಯಾರೆಲಿಯ ಉಡುಪು. ಹಿಂದಿನಿಂದ ಹತ್ತು ಹನ್ನೆರಡು ಜನ ಅದನ್ನು ದೂಡುತ್ತಿದ್ದರು. ಎಲ್ಲರೂ ಅಡುಗೆಮನೆ ಪಕ್ಕದ ಮೇಜಿನವರು. ಅವರ ಮುಂದಾಳು ಚೆಲಾ. ‘ಪುಸಕ್’ ಎಂದು ಉಡುಪು ಬಿಡಿಸಿಕೊಂಡು ಹುಡುಗಿ ಎರಡೂ ಕೈಯಲ್ಲಿ ಲಂಗ ಎತ್ತಿ ಓಡುತ್ತ ಬಂದಳು.

“ಮಾವಾ! ಅಲ್ಲೇ ಇರಿ, ಅಲ್ಲಾಡಬೇಡಿ!”

ಚೆಲಾ ಏದುಸಿರು ಬಿಡುತ್ತ ಬಂದು ಗಂಡನ ಮೀಸೆಯಿಂದ ಕಡಲೆಬೀಜದ ಸಿಪ್ಪೆ ತೆಗೆದಳು. “ಅಣ್ಣ ಮಾನ ಉಳಿಸ್ಕೊಳ್ಳೋಕೆ ಫೋನು ಹಿಡ್ಕೊಂಡು ಅಡುಗೆಮನೆಗೆ ಬಂದ. ‘ಹ್ವಾರೆಸ್‌ನಲ್ಲಿ ನನಗೆ ಯಾರೂ ಇಲ್ಲ’ ಅಂದ. ಅಲ್ಲಿ ಸುತ್ತ ಕೂತಿದ್ದೋರು ಯಾರು? ನಾನು, ಅವನ ಚಿಕ್ಕಮ್ಮ, ಅವನ ಇಬ್ಬರು ಸೋದರಮಾವಂದಿರು. ಎಲ್ಲರೂ ಹ್ವಾರೆಸ್‌ನೋರೇ. ಬಿಸಿಬಿಸಿ ಸಿಗುತ್ತೆ ಅಂದಿದ್ನಲ್ಲ, ಸಿಕ್ತು. ನೀನು ಎಲ್ಲಿದೀಯ ಅಂತ ಮಾತ್ರ ಗೊತ್ತಿರಲಿಲ್ಲ. ಆಮೇಲೆ ತುತ್ತೂರಿಯೋನು ಅಣ್ಣನಿಗೆ ಫೋನು ಮಾಡಿದ, ‘ಯಜಮಾನ್ರೇ, ನಿಮ್ಮ ಅತಿಥಿನ ಸೇತುವೆಗೆ ಒಯ್ತಿದಾರೆ’ ಅಂತ. ಫೋನು ಎತ್ತಿದ್ದು ನಿನ್ನ ಸೊಸೆ.”

“ನಾನು ಕುರ್ಚಿಯಿಂದ ಎದ್ದೆ ಅಷ್ಟೇ ಮಾವ,” ಎಂದಳು ಯಾರೆಲಿ. “ಷೂ ಎಲ್ಲಿದ್ಯೋ ಪಾರ್ಟಿ ಅಲ್ಲೇ.”

ಅಷ್ಟರಲ್ಲಿ ಎವೆರಾರ್ದೊ ಬಂದ. ಕೋಟಿಲ್ಲ, ಬರೀ ರೇಷ್ಮೆ ಜಾಕೀಟು, ಬೋ ಟೈ ಕಿವಿಯ ಹತ್ತಿರ. ಇಪ್ಪತ್ತೆಂಟು ವರ್ಷದಲ್ಲಿ ಅವನು ಸೇತುವೆಗೆ ಕಾಲಿಟ್ಟದ್ದು ಇದೇ ಮೊದಲು.

“ಏನು ಮರ್ಯಾದೆ ಕೆಟ್ಟ ಕೆಲಸ ಇದು! ಮುಂದಿನ ಮೇಜಿನೋರು ಏನಂದ್ಕೊಳ್ತಾರೆ? ನಡಿ ಯಾರೆಲಿ.”

ಯಾರೆಲಿ ಗಮ್ ಮಾರುವವಳ ಪ್ಲಾಸ್ಟಿಕ್ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ರಾಣಿಯ ಹಾಗೆ ಕೂತಳು. “ಅಪ್ಪ, ಬಗ್ಗು.”

“ಇಲ್ಲಾ? ಈ ಸೇತುವೆ ಮೇಲಾ?”

“ಪದ್ರಿನೊ ಇಲ್ಲಿದಾರೆ. ಅವರ ಹೆಸರೇನಪ್ಪ, ಹೇಳು. ಹೇಳಿ ಬಗ್ಗು.”

ಎವೆರಾರ್ದೊ ಸುತ್ತ ನೋಡಿದ. ಸಾಲಿನಲ್ಲಿದ್ದ ಮುನ್ನೂರು ಜನ ತಿರುಗಿ ನಿಂತಿದ್ದರು. ಕಾರಿನವರು ಹಾರ್ನು ನಿಲ್ಲಿಸಿದ್ದರು. ಕಸಿಮಿರೊ ಅಗಿದ ಗಮ್ಮನ್ನು ಹಿಮ್ಮಡಿಯ ತೂತಿಗೆ ತುಂಬಿ, ಎದ್ದು, ಷೂ ಇಟ್ಟ ದಿಂಬನ್ನು ಎರಡೂ ಅಂಗೈಯಲ್ಲಿ ಹಿಡಿದು, ಚರ್ಚಿನಲ್ಲಿ ನಡೆಯುವಂತೆ ಮೂರು ಹೆಜ್ಜೆ ನಡೆದು ಫಲಕದ ಹತ್ತಿರ ನಿಂತ.

“ಕಸಿಮಿರೊ ಭಾವ,” ಎಂದ ಎವೆರಾರ್ದೊ, ಗಂಟಲಿನ ತಳದಿಂದ.

“ಜೋರಾಗಿ!” ಎಂದಿತು ಸಾಲು.

“ಕಸಿಮಿರೊ ಭಾವ! ಹ್ವಾರೆಸ್‌ನೋರು!”

“ಪ್ಯಾಂಟು ಮೇಲೆತ್ಕೊ ಅಣ್ಣ,” ಎಂದಳು ಚೆಲಾ. “ಅಭ್ಯಾಸ ಇದ್ಯಲ್ಲ.”

ಅವನು ಬಗ್ಗಿದ. ಒಂದು ಮೊಣಕಾಲು ಅಮೆರಿಕದಲ್ಲಿ, ಇನ್ನೊಂದು ಮೆಕ್ಸಿಕೊದಲ್ಲಿ. ಷೂ ಕಾಲಿಗೇರಿತು. ಎಂಟು ಗಂಟೆಗೆ ಇನ್ನೂ ಹದಿಮೂರು ನಿಮಿಷ ಬಾಕಿ ಇತ್ತು. ಬೇಲಿಯ ಆಚೆಯಿಂದ ತುತ್ತೂರಿ ಊದಿತು. ಕಸಿಮಿರೊ ಹೆಜ್ಜೆ ತಪ್ಪುತ್ತ ಸೊಸೆಯೊಡನೆ ಕುಣಿದ. ಬಲಗಾಲು ಇಟ್ಟಲ್ಲೆಲ್ಲ ಗಮ್ ಅಂಟಿ, ಹುಡುಗಿ ಅದನ್ನು ಕಿತ್ತು ಕಿತ್ತು ನಗುತ್ತಿದ್ದಳು.

ಆಮೇಲೆ ಎಲ್ಲರೂ ವಾಪಸ್ ಹೊರಟರು. ವಾಪಸ್ ಎಂದರೆ ಸಾಲು. ಸೇತುವೆಗೆ ಒಂದು ಹೆಜ್ಜೆ ಇಟ್ಟವನೂ ನಾಲ್ಕು ಸಾವಿರ ಕಿಲೊಮೀಟರ್ ಬಂದವನೂ ಸಾಲಿಗೆ ಒಂದೇ. ಈ ಒಂದು ವಿಷಯದಲ್ಲಿ ಮಾತ್ರ ಆ ಸರ್ಕಾರ ಸಮತಾವಾದಿ. ಎವೆರಾರ್ದೊ ಮುನ್ನೂರೊಂದನೆಯವನಾಗಿ ನಿಂತ.

ಕಸಿಮಿರೊ ಮನೆಗೆ ನಡೆದು ಹೋಗಿ ತಾರಸಿ ಹತ್ತಿದ. ದೊನ್ಯಾ ಮೆಚೆ ಬುರಿತೊ ತಂದು, ನಡೆದದ್ದನ್ನೆಲ್ಲ ಕೇಳಿಸಿಕೊಂಡಳು.

“ಪಾರ್ಟಿಗೆ ಹೋಗಿಬಂದ್ಯಲ್ಲ, ಯಾವ ಮೇಜು ಸಿಕ್ತು?”

“ಮೇಜೇ ಇರಲಿಲ್ಲ. ಎಲ್ಲರೂ ನಿಂತಿದ್ವಿ.”

ಅವನು ಎರಡನೇ ತುತ್ತು ಕಚ್ಚುವಾಗ ಫೋನು ಬಂತು. ಸೇತುವೆಯ ಕಚೇರಿಯಲ್ಲೇ ಉಳಿದಿದ್ದ ಓರ್ನೆಲಾಸ್‌ನ ದನಿ.

“ದೋನ್ ಕಸಿಮಿರೊ, ತೊಂದರೆ ಕೊಟ್ಟೆ. ಹೆಂಗಸರು, ಹುಡುಗಿ ಎಲ್ಲ ದಾಟಿದಾರೆ, ಅವರ ಕಾಗದ ಸರಿ ಇತ್ತು. ಇಲ್ಲೊಬ್ಬರು ಮಾತ್ರ ಉಳಿದಿದಾರೆ. ಕಾಗದ ಎಲ್ಲ ಕೋಟಿನಲ್ಲಿದೆ, ಕೋಟು ಮುಂದಿನ ಮೇಜಿನ ಕುರ್ಚಿ ಮೇಲಿದೆ ಅಂತಾರೆ. ನಿಮ್ಮ ಹೆಂಡತಿನ ಕೇಳಿದೆ, ‘ನನ್ನ ಗಂಡನ್ನೇ ಕೇಳಿ’ ಅಂದ್ರು. ಹೆಸರು ಎವೆರಾರ್ದೊ ಲುಹಾನ್. ನಿಮಗೆ ಗೊತ್ತಾ?”

ದೊನ್ಯಾ ಮೆಚೆ ಫೋನಿಗೆ ಕಿವಿ ಹಚ್ಚಿದ್ದಳು. “ಗೊತ್ತಿಲ್ಲ ಅನ್ನು,” ಎಂದು ಪಿಸುಗುಟ್ಟಿದಳು. “ನನ್ನ ಎಂಟು ಕಿಲೊ ಮಾಂಸದಾಣೆ, ಗೊತ್ತಿಲ್ಲ ಅನ್ನು!”

ಕಸಿಮಿರೊ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದ. ನುಂಗಿದ. ನೀರು ಕುಡಿದ. ಬೇಲಿಯ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುವುದನ್ನು ನೋಡಿದ.

“ಗೊತ್ತು ಸ್ವಾಮಿ,” ಎಂದ. “ನಮ್ಮೋನೇ. ಸೇತುವೆ ಜನ.”